ಗಬ್ಬದ ಕುರಿ ಹಟ್ಟಿ ದಾಟುವಂತಿಲ್ಲ

ಮೊನ್ನೆ ನನ್ನ ತಮ್ಮನ ಮೊಮ್ಮಗನಿಗೆ ಜವಳ ತೆಗೆಸುವ ಕಾರ್ಯವಿತ್ತು. ಮಾಡದಕೆರೆಯಿಂದ ಒಳಕ್ಕೆ ಹೋದರೆ ಸಿಗುವ ನಮ್ಮ ಗೊಲ್ಲರಹಟ್ಟಿಯಲ್ಲೇ ಇಟ್ಟುಕೊಂಡಿದ್ದರು. ಬೇವಿನ ಮರದ ಕೆಳಗೆ ಜಮಖಾನ ಹಾಸಿತ್ತು. ಈಗ ಹಟ್ಟಿಗೆ ಯಜಮಾನನಾಗಿರುವ ನನ್ನ ತಮ್ಮ, ಒಳಗೂ ಹೊರಗೂ ಓಡಾಡುತ್ತಿದ್ದ ಅವನ ಹೆಂಡತಿ, ಮೊಣಕಾಲು ನೋವೆಂದು ಕುರ್ಚಿ ಬಿಟ್ಟೇಳದ ನನ್ನ ಮನೆಯವಳು, ಹೊಸದುರ್ಗದಿಂದ ಬಂದ ಬೀಗರು, ಕತ್ತರಿ ಹಿಡಿದು ಆಕಳಿಸುತ್ತಿದ್ದ ಕ್ಷೌರಿಕ, ಎಲ್ಲರೂ ಮಗುವಿನ ಸೋದರಮಾವನ ದಾರಿ ನೋಡುತ್ತಾ ಕುಳಿತಿದ್ದೆವು. ಸೋದರಮಾವ ಬಂದು ಮಗುವಿಗೆ ಒಂದು ಹೆಣ್ಣುಮರಿ ಕೊಡದ ಹೊರತು ತಲೆಗೆ ಕತ್ತರಿ ತಾಗಿಸುವಂತಿಲ್ಲ. ಅದು ನಮ್ಮ ಹಟ್ಟಿಯಲ್ಲಿ ನಡೆದುಬಂದದ್ದು. ಕೊನೆಗೂ ಆ ಪುಣ್ಯಾತ್ಮ ಬಂದ, ಮೋಟರ್‌ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಕುರಿಮರಿಯನ್ನು ಅಡ್ಡಡ್ಡ ಮಲಗಿಸಿಕೊಂಡು. ನನ್ನ ಮೊಮ್ಮಗಳು ಓಡಿಹೋಗಿ ಮರಿಯನ್ನು ಕಸಿದುಕೊಂಡು, ಅದಕ್ಕೇ ಬೇಸರವಾಗುವಷ್ಟು ಮುದ್ದಾಡಿ, ಬಂದು ನನ್ನ ತೊಡೆ ಏರಿದಳು. ಅವಳ ಫ್ರಾಕಿನಿಂದ ಆ ವಾಸನೆ ಬಂತು. ಹಸಿ ಉಣ್ಣೆಯದು, ಮರಿಯ ಬಾಯಂಚಿನಲ್ಲಿ ಒಣಗಿದ ಹಾಲಿನದು, ಒಂದಿಷ್ಟು ಹಿಕ್ಕೆಯದು...

ಅದು ನನ್ನ ದೊಡ್ಡವ್ವನ ಸೆರಗಿನ ವಾಸನೆ.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಹಟ್ಟಿಯ ಕೊನೆಯ ಮನೆ ಅವಳದು, ಪಕ್ಕದ್ದು ನಮ್ಮದು. ನಡುವೆ ಗೋಡೆ ಇತ್ತೇ ಹೊರತು ಅವಳ ಮಾತಿಗೆ ಆ ಗೋಡೆ ಲೆಕ್ಕಕ್ಕಿರಲಿಲ್ಲ. ಬೆಳಗಾಗುವುದು ಅವಳು ಕುರಿಗಳನ್ನು ಬಯ್ಯುವ ಸದ್ದಿನಿಂದ. ಕುರಿಗಳನ್ನು ಅವಳು ಸೊಸೆಯರೆಂದೇ ತಿಳಿದಿದ್ದಳು. ಯಾವುದಾದರೂ ತಾಯಿಕುರಿ ತನ್ನ ಮರಿಗೆ ಹಾಲು ಕೊಡದೆ ಒದ್ದರೆ, ಅದರ ಕಿವಿ ಹಿಡಿದು, "ಏನೇ, ನಿಮ್ಮವ್ವನ ಮನೆಯಿಂದ ಏನು ಹೊತ್ಕಂಡು ಬಂದಿದೀಯ ಅಂತ ಈಟೊಂದು ಸೊಕ್ಕು?" ಎನ್ನುವಳು. ಕುರಿ ತೆಪ್ಪಗೆ ನಿಲ್ಲುತ್ತಿತ್ತು. ಹಾದಿಯಲ್ಲಿ ಹೋಗುವ ನಿಜವಾದ ಸೊಸೆಯರೂ ಒಂದು ಗಳಿಗೆ ನಿಂತು ನಕ್ಕು ಹೋಗುತ್ತಿದ್ದರು.

ಕುರಿ ಸಾಕಿದವರಿಗೆ ಗೊತ್ತು, ಎಳೆ ಮರಿಗಳನ್ನು ಹಿಂಡಿನ ಜೊತೆ ಮೇಯಲು ಬಿಡುವುದಿಲ್ಲ. ತಾಯಂದಿರು ಹಗಲೆಲ್ಲ ಅಡವಿಯಲ್ಲಿದ್ದರೆ ಮರಿಗಳು ಹಟ್ಟಿಯ ಗೂಡಿನಲ್ಲಿ ಇರುತ್ತವೆ. ಹೊತ್ತು ಇಳಿದು ಹಿಂಡು ದೊಡ್ಡಿಗೆ, ನಮ್ಮ ಮಾತಿನಲ್ಲಿ ರೊಪ್ಪಕ್ಕೆ, ಬಂದಾಗ ಗೂಡಿನ ಬಾಗಿಲು ತೆಗೆದು, ಆಯಾ ಮರಿಯನ್ನು ಆಯಾ ತಾಯಿಗೆ ಸೇರಿಸಬೇಕು. ಅದಕ್ಕೆ ಮರಿ ಬಿಡುವ ಹೊತ್ತು ಎನ್ನುತ್ತೇವೆ. ಒಂದು ಕಡೆ ತಾಯಂದಿರ ಕೂಗು, ಇನ್ನೊಂದು ಕಡೆ ಮರಿಗಳ ಕೂಗು, ನಡುವೆ ದೊಡ್ಡವ್ವನ ಕೂಗು. ಮೂರರಲ್ಲಿ ಗೆಲ್ಲುತ್ತಿದ್ದುದು ಮೂರನೆಯದೇ.

ಅವಳಿಗೆ ಒಬ್ಬನೇ ಮಗ, ಕ್ಯಾತಣ್ಣ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಹಟ್ಟಿಯಲ್ಲಿ ಯಾರೂ ದೊಡ್ಡವ್ವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನಗೆ, ನನ್ನ ತಮ್ಮನಿಗೆ ದೊಡ್ಡವ್ವ, ಉಳಿದವರಿಗೆಲ್ಲ ಕ್ಯಾತಣ್ಣನ ಅವ್ವ. "ಕ್ಯಾತಣ್ಣನವ್ವಾ, ಒಂದು ಹಿಡಿ ಉಪ್ಪು ಕೊಡು", "ಕ್ಯಾತಣ್ಣನವ್ವ ಬಂದ್ಲಾ ನೋಡು" ಎಂದು ದಿನಕ್ಕೆ ಎಷ್ಟು ಸಲ ಆ ಹೆಸರು ಹಟ್ಟಿಯಲ್ಲಿ ಓಡಾಡುತ್ತಿತ್ತೋ.

ಕ್ಯಾತಣ್ಣ ದುರ್ಗದ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದ. ರಜೆಗೆ ಬಂದರೆ ಮೊದಲು ಹೋಗುತ್ತಿದ್ದುದು ಅವನ ಕುರಿಗಳ ಹತ್ತಿರ. ಅವನ ಜವಳದಲ್ಲಿ ಸೋದರಮಾವ ಕೊಟ್ಟಿದ್ದ ಒಂದು ಮರಿ ಬೆಳೆದು, ಈದು, ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಅವನ ಪಾಲಿನದೇ ಒಂದು ಚಿಕ್ಕ ಹಿಂಡಾಗಿತ್ತು. ಅವಕ್ಕೆಲ್ಲ ಎಡಗಿವಿಯ ತುದಿಯಲ್ಲಿ ಒಂದು ಕಚ್ಚು. ಕಿವಿಗೆ ಕಚ್ಚು ಹಾಕುವುದು ಒಡೆಯನ ಕೆಲಸ, ಬೇರೆಯವರು ಹಾಕುವಂತಿಲ್ಲ. ಒಮ್ಮೆ ಅವನು ದುರ್ಗದಲ್ಲಿ ಹೊಲಿಸಿದ ಹೊಸ ಪ್ಯಾಂಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹಟ್ಟಿಗೆಲ್ಲ ಕಾಣುವ ಹಾಗೆ ರೊಪ್ಪದ ಮುಂದೆ ನಿಂತಿದ್ದ. ಟಗರಿಗೆ ಆ ಪ್ಯಾಂಟಿನ ಗುರುತು ಹತ್ತಲಿಲ್ಲ. ಹಿಂದಿನಿಂದ ಬಂದು ಕೊಟ್ಟ ಏಟಿಗೆ ಪ್ಯಾಂಟಿನ ಸಮೇತ ತಿಪ್ಪೆಗೆ ಹೋಗಿ ಬಿದ್ದ. ದೊಡ್ಡವ್ವ ಮಗನನ್ನು ಎತ್ತುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಾ ನೆಲದ ಮೇಲೆ ಕುಳಿತುಬಿಟ್ಟಿದ್ದಳು. ತಿಪ್ಪೆಯೊಳಗಿಂದ ಅವನೂ ನಗುತ್ತಿದ್ದ...

ಅವನು ಹೋದದ್ದು ಎಪ್ಪತ್ತರ ದಶಕದ ನಡುವಿನ ಒಂದು ಶ್ರಾವಣದಲ್ಲಿ. ತನ್ನ ಕೈಯಾರೆ ಹೋದ. ಹೇಗೆ ಎಂದು ಬರೆಯುವುದಿಲ್ಲ. ನಮ್ಮ ಹಿರಿಯರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆ ಒಂದು ವಿಷಯದಲ್ಲಿ ಅವರು ಮಾಡಿದ್ದು ಸರಿ ಎಂದು ಈಗಲೂ ನನಗೆ ಅನ್ನಿಸುತ್ತದೆ.

ದೊಡ್ಡವ್ವನ ಮನೆ ಸದ್ದಿಲ್ಲದೆ ಕುಳಿತದ್ದನ್ನು ನಾನು ನೋಡಿದ್ದು ಆಗಲೇ. ಗೋಡೆಗೆ ಕಿವಿಯಿಟ್ಟರೂ ಏನೂ ಕೇಳಿಸುತ್ತಿರಲಿಲ್ಲ. ಮೊದಲೇ ಮಾತು ಕಡಿಮೆಯ ದೊಡ್ಡಪ್ಪ ಮಗನ ಕುರಿಗಳನ್ನು ಹಟ್ಟಿಯಲ್ಲಿ ಬಿಟ್ಟು, ಉಳಿದ ಹಿಂಡು ಹೊಡೆದುಕೊಂಡು ಮಾರಿಕಣಿವೆಯ ಗುಡ್ಡದ ಕಡೆಗೆ ಹೋದವನು ವಾರಗಟ್ಟಲೆ ಬರುತ್ತಿರಲಿಲ್ಲ. ನಮ್ಮವ್ವ ಮುದ್ದೆ ತೆಗೆದುಕೊಂಡು ಹೋಗಿ ಕುಳಿತುಕೊಳ್ಳುವಳು. ಮುದ್ದೆ ಹಾಗೆಯೇ ತಣ್ಣಗಾಗಿ ವಾಪಸು ಬರುತ್ತಿತ್ತು. ಮಾತಾಡಿಸಲು ಬಂದ ನೆಂಟರಿಷ್ಟರೆಲ್ಲ ಒಂದೊಂದು ಕಾರಣ ಹೇಳಿ ಹೋಗುತ್ತಿದ್ದರು. ಹಾಸ್ಟೆಲಿನಲ್ಲಿ ಹುಡುಗರು ಇವನನ್ನು ಕುರಿ ವಾಸನೆ ಎಂದು ಆಡಿಕೊಳ್ಳುತ್ತಿದ್ದರಂತೆ. ಪರೀಕ್ಷೆ ಕೆಟ್ಟಿತ್ತಂತೆ. ಹಳ್ಳದ ಗಾಳಿ ಸೋಕಿತ್ತಂತೆ. ಯಾವಳೋ ಹುಡುಗಿಯಂತೆ... ಒಂದು ದಿನ ಎಲ್ಲರೂ ಹೋದ ಮೇಲೆ ದೊಡ್ಡವ್ವ ನಮ್ಮವ್ವನ ಕಡೆ ತಿರುಗಿ ಅಂದಳು.

"ನೋಡೇ, ಬಂದೋರೆಲ್ಲ ಒಂದೊಂದು ಕಾರಣ ತಂದು ನನ್ನ ಮುಂದೆ ಕೆಡವಿ ಹೋಗ್ತಾರೆ. ಅದರ ಬದ್ಲು ಒಂದೊಂದು ಮರಿ ತಂದು ಬಿಟ್ಟಿದ್ರೆ ಈಟೊತ್ತಿಗೆ ಹಿಂಡೇ ಆಗಿರೋದು."

ನಗಬೇಕೋ ಅಳಬೇಕೋ ತಿಳಿಯದೆ ನಮ್ಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಮ್ಮ ಹಟ್ಟಿಗೆ ಕಟ್ಟಳೆಗಳು ಬಹಳ. ಕೋಳಿ ಮುಳ್ಳುಬೇಲಿಯೊಳಗೆ ಬರುವಂತಿಲ್ಲ ಎಂಬುದರಿಂದ ಹಿಡಿದು, ಯಾವ ಕುರಿಯನ್ನು ಯಾವಾಗ ಮಾರಬೇಕು ಎಂಬುದರವರೆಗೆ. ತನ್ನ ಕೈಯಾರೆ ಹೋದವರ ವಿಷಯಕ್ಕೂ ಕಟ್ಟಳೆಯಿತ್ತು. ಅವರ ಹೆಸರನ್ನು ಹಟ್ಟಿಯಲ್ಲಿ ಎತ್ತಬಾರದು. ಹಿರಿಯರ ಹಬ್ಬದಲ್ಲಿ ಹೆಸರು ಹಿಡಿದು ಕರೆದು ಎಡೆ ಇಡುವುದು ಅವರಿಗಿಲ್ಲ. ಅವರ ಗುರುತಿನ ಕುರಿಯೂ ಹಟ್ಟಿಯಲ್ಲಿ ನಿಲ್ಲಬಾರದು. ಹೆಸರೆತ್ತಿದರೆ ಹೋದವರು ಬಂದು ತಮ್ಮ ಓರಗೆಯವರನ್ನೂ ಕರೆಯುತ್ತಾರೆ ಎಂದು ಭಯ. ಇದನ್ನೆಲ್ಲ ನಡೆಸುತ್ತಿದ್ದವರು ಆಗಿನ ಹಟ್ಟಿ ಯಜಮಾನರು. ಸಂಬಂಧದಲ್ಲಿ ದೊಡ್ಡವ್ವನಿಗೆ ಮಾವನಾಗಬೇಕು. ಕೆಟ್ಟವರಲ್ಲ. ಅವರು ಚಿಕ್ಕವರಿದ್ದಾಗ ಒಬ್ಬನ ಹಿಂದೆಯೇ ಇನ್ನೊಬ್ಬ ಹೋದದ್ದನ್ನು ಕಂಡಿದ್ದರಂತೆ. ಆ ಹೆದರಿಕೆ ಅವರ ಎಲುಬಿನಲ್ಲಿ ಇಳಿದಿತ್ತು.

ಹೀಗಾಗಿ ಒಂದೇ ದಿನದಲ್ಲಿ ಇಡೀ ಹಟ್ಟಿ ದೊಡ್ಡವ್ವನನ್ನು ಕರೆಯುವುದನ್ನು ಬಿಟ್ಟಿತು. ಕ್ಯಾತಣ್ಣನ ಅವ್ವ ಎನ್ನುವಂತಿಲ್ಲವಲ್ಲ! ಉಪ್ಪು ಬೇಕಾದವರು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಕೆಲವರು 'ಕೊನೆಮನೆಯವಳು' ಎನ್ನತೊಡಗಿದರು, ಕೆಲವರು 'ಏ ಇವಳೇ'.

ಆ ವರ್ಷದ ಹಿರಿಯರ ಹಬ್ಬ ಬಂತು. ದೇವರ ಗುಡ್ಲು, ಅಂದರೆ ದೇವರನ್ನಿಟ್ಟ ಗುಡಿಸಲಿನ ಮುಂದೆ ಒಂದೊಂದು ಮನೆಯವರೂ ಮುತ್ತುಗದೆಲೆ ಹಾಸಿಕೊಂಡು ಕುಳಿತುಕೊಳ್ಳುತ್ತಾರೆ. ಯಜಮಾನರು ಸಾಲಿನ ಉದ್ದಕ್ಕೂ ಬರುತ್ತಾ ಆಯಾ ಮನೆಯಲ್ಲಿ ತೀರಿಕೊಂಡವರ ಹೆಸರು ಕೂಗಿ, "ಬಾರಪ್ಪ, ಉಣ್ಣು ಬಾ" ಎಂದು ಕರೆಯುತ್ತಾರೆ. ಕರೆದ ಮೇಲೆ ಎಲೆಗೆ ಬಡಿಸಬೇಕು. ದೊಡ್ಡವ್ವ ಒತ್ತುಶಾವಿಗೆ ಮಾಡಿ, ಕಾಯಿಹಾಲು ಹಿಂಡಿ ತಂದಿದ್ದಳು, ಮಗನಿಗೆ ಪ್ರೀತಿ ಎಂದು. ಮೂರು ಎಲೆ ಹಾಸಿದ್ದಳು. ಯಜಮಾನರು ಅವಳ ಅತ್ತೆಯ ಹೆಸರು ಕರೆದರು, ಮಾವನ ಹೆಸರು ಕರೆದರು, ಮುಂದಕ್ಕೆ ಹೆಜ್ಜೆ ಇಟ್ಟರು.

"ಮಾವಯ್ಯ, ಇನ್ನೊಬ್ಬ ಅವ್ನೆ," ಎಂದಳು ದೊಡ್ಡವ್ವ.

ಅವರು ಅವಳ ಕಡೆ ನೋಡಲಿಲ್ಲ. "ಮುಂದಿನ ಮನೆ," ಎಂದರು.

ದೊಡ್ಡವ್ವ ಜಗಳವಾಡಲಿಲ್ಲ. ಎಲೆಯನ್ನೂ ಶಾವಿಗೆಯನ್ನೂ ಎತ್ತಿಕೊಂಡು ರೊಪ್ಪಕ್ಕೆ ಬಂದಳು. ಹಿಂದೆಯೇ ನಾನೂ ಬಂದೆ. ಎಡಗಿವಿ ಕಚ್ಚಿನ ಕುರಿಯೊಂದು ಮೂಸಿ ನೋಡಿ, ಶಾವಿಗೆಯನ್ನು ಎಲೆಯ ಸಮೇತ ತಿಂದಿತು. ಅವಳು ಅದರ ಕತ್ತು ಸವರುತ್ತಾ, "ಅವ್ನ ಹೆಸ್ರು ಹೂತ್ರು ಕಣೋ. ಅದ್ರ ಜತಿಗೆ ನನ್ನ ಹೆಸ್ರೂ ಹೂತ್ರು," ಎಂದಳು. ಕುರಿಯ ಬಾಯಿಗೆ ಅಂಟಿದ ಶಾವಿಗೆ ಒರೆಸುತ್ತಾ, "ಅವ್ನ ಹೆಸ್ರ ಇದೇ ಸಾಲಲ್ಲಿ ಕರೆಸ್ದೆ ನಾನು ಸಾಯಕಿಲ್ಲ," ಎಂದಳು. ಅವಳಿಗೆ ಇದ್ದ ಆಸೆ ಅದೊಂದೇ. ಬೇರೆ ಯಾವುದೂ ಬೇಕಿರಲಿಲ್ಲ.

ಹಬ್ಬ ಕಳೆದ ಮೇಲೆ ಯಜಮಾನರು ಇಬ್ಬರನ್ನು ಕರೆದುಕೊಂಡು ಬಂದರು.

"ತಾಯಿ, ಆ ಎಡಗಿವಿ ಕಚ್ಚಿನವನ್ನ ಮುಂದಿನ ಸಂತೆಗೆ ಹೊಡಿಯಾಣ."

"ಹೊಡೀರಿ ಮಾವಯ್ಯ, ನಾನ್ಯಾಕೆ ಬ್ಯಾಡ ಅನ್ಲಿ. ಗಬ್ಬದ ಕುರಿ ಹಟ್ಟಿ ದಾಟಂಗಿಲ್ಲ ಅಂತ ನೀವೇ ಹೇಳಿದ್ರಿ, ಅದಕ್ಕೆ ನೋಡ್ತಿದೀನಿ."

ಯಜಮಾನರು ಬಗ್ಗಿ ಒಂದು ಕುರಿಯ ಹೊಟ್ಟೆ ಮುಟ್ಟಿ ನೋಡಿದರು. ಗಬ್ಬ. ಇನ್ನೊಂದನ್ನು ನೋಡಿದರು. ಅದೂ ಗಬ್ಬ. ಕಟ್ಟಳೆ ಮಾಡಿದವರಿಗೆ ಈ ತೊಡಕು ಹೊಳೆದಿರಲಿಲ್ಲ. ಹೋದವರ ಕುರಿ ಇರಬಾರದು ಎಂಬುದೂ ನಮ್ಮದೇ ಕಟ್ಟಳೆ, ಗಬ್ಬದ ಕುರಿ ಮಾರಬಾರದು ಎಂಬುದೂ ನಮ್ಮದೇ. ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ? "ಸರಿ, ಈಯ್ಲಿ. ಆಮ್ಯಾಲೆ ನೋಡಾಣ," ಎಂದು ಹೊರಟರು.

ಕಾರ್ತಿಕದ ಸುಮಾರಿಗೆ ಕುರಿಗಳು ಈದವು. ಯಜಮಾನರು ಮತ್ತೆ ಬಂದರು. ದೊಡ್ಡವ್ವ ಬಾಗಿಲಲ್ಲೇ ಕೈಮುಗಿದಳು. "ಹಾಲೂಡೋ ತಾಯಿನ ಎಳೇ ಮರಿಯಿಂದ ಅಗಲ್ಸಿ ಹೊಡೀಬೌದಾ ಮಾವಯ್ಯ? ನಂಗೊತ್ತಿಲ್ಲ, ನೀವು ತಿಳ್ದೋರು." ಹೊಡೆಯುವಂತಿಲ್ಲ. ಅವರು ಬಂದ ದಾರಿಯಲ್ಲೇ ತಿರುಗಿದರು.

ಆದರೆ ಆ ಮರಿಗಳ ಕಿವಿ ಬರಿದಾಗಿತ್ತು. ಕಚ್ಚು ಹಾಕುವವನೇ ಇರಲಿಲ್ಲ. ದೊಡ್ಡವ್ವ ಅವುಗಳನ್ನು ನೋಡುತ್ತಾ ಎಷ್ಟೋ ಹೊತ್ತು ಕುಳಿತಿದ್ದಳು. ಮರುದಿನ ನಮ್ಮನ್ನೆಲ್ಲ ಕರೆದಳು. ಕ್ಯಾತಣ್ಣನ ಓರಗೆಯವರನ್ನು, ಅಂದರೆ ಯಜಮಾನರು ಯಾರಿಗೆ ಏನಾಗುತ್ತದೋ ಎಂದು ಹೆದರಿದ್ದರೋ ಅವರನ್ನೇ. ಒಬ್ಬೊಬ್ಬರ ಕೈಗೂ ಒಂದೊಂದು ಮರಿ ಇಟ್ಟಳು.

"ಇದ್ರ ಕಿವಿಗೆ ನಿಮ್ ನಿಮ್ ಕಚ್ಚು ಹಾಕ್ಕಳ್ರಿ. ಮರಿ ನಿಮ್ದು, ತಾಯಿ ನಂದು. ಅದಕ್ಕೇ ಮರಿ ನಮ್ಮ ಗೂಡಲ್ಲೇ ಇರ್ಲಿ. ದಿನಾ ಹೊತ್ತಿಳಿದಾಗ ಬಂದು ನಿಮ್ ಮರಿ ನೀವೇ ಬಿಡ್ಬೇಕು. ಬರ್ದಿದ್ರೆ ಮರಿ ಉಪಾಸ, ನೋಡ್ರಪ್ಪ."

ಮೊದಲ ಮರಿಯನ್ನು ಅವಳು ಕೊಟ್ಟದ್ದು ಯಜಮಾನರ ಮೊಮ್ಮಗಳಿಗೆ. ಹಟ್ಟಿಯ ಬಾಯಿ 'ಯಾವಳೋ ಹುಡುಗಿ' ಎಂದು ಬೆರಳು ತೋರಿಸುತ್ತಿದ್ದುದು ಆ ಹುಡುಗಿಯ ಕಡೆಗೇ. ಹೊಲದ ದಾರಿಯಲ್ಲಿ ಎಂದೋ ಇಬ್ಬರೂ ಮಾತಾಡುತ್ತಾ ಬಂದದ್ದನ್ನು ಯಾರೋ ನೋಡಿದ್ದರಂತೆ, ಅಷ್ಟೇ. ಅವಳು ಮರಿಯನ್ನು ಎದೆಗವಚಿಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಅಜ್ಜನಿಗೆ ಹಿಕ್ಕೆಗೊಬ್ಬರ ಎತ್ತಲು ಹೋಗುತ್ತೇನೆಂದು ಹೇಳಿ ದಿನವೂ ಬರತೊಡಗಿದಳು.

ಆ ಸಂಜೆಗಳನ್ನು ಹೇಗೆ ಹೇಳಲಿ... ಮರಿ ಹಾಲು ಕುಡಿಯುವಷ್ಟು ಹೊತ್ತು ನಾವು ಅಲ್ಲಿ ಇರಲೇಬೇಕು. ದೊಡ್ಡವ್ವ ಹುರಿದ ಹುರುಳಿಯನ್ನೋ ಕಡಲೆಯನ್ನೋ ಮಡಿಲಲ್ಲಿ ಕಟ್ಟಿಕೊಂಡು ಬರುವಳು. ಒಂದೊಂದು ಹಿಡಿ ಕೊಡುತ್ತಾ, "ಇವತ್ತು ಏನಾತು?" ಎಂದು ಒಬ್ಬೊಬ್ಬರನ್ನೂ ಕೇಳುವಳು. ಏನಿಲ್ಲ ಎಂದರೆ ಕಡಲೆ ಕೊಡುತ್ತಿರಲಿಲ್ಲ.

"ಏನಿಲ್ಲ ಅಂಬೋನು ನನ್ ಮಗನೂ ಇದ್ದ. ಬ್ಯಾರೆ ಏನಾನಾ ಹೇಳ್ರಿ."

ಹೀಗೆ ಅನಿವಾರ್ಯವಾಗಿ ನಾವು ಹೇಳಲು ಕಲಿತೆವು. ಅಪ್ಪನ ಏಟು, ಶಾಲೆಯ ಮೇಷ್ಟರ ಮಾತು, ಒಲ್ಲದ ಮದುವೆ, ಸುಮ್ಮನೆ ಬರುವ ಅಳು. ಒಬ್ಬ ತಾನು ರಾತ್ರಿ ಹೆದರುತ್ತೇನೆಂದ. ಮೀಸೆ ಬಂದವನು! ಯಾರೂ ನಗಲಿಲ್ಲ. ದೊಡ್ಡವ್ವ ಅವನಿಗೆ ಇನ್ನೊಂದು ಹಿಡಿ ಕಡಲೆ ಹೆಚ್ಚಿಗೆ ಕೊಟ್ಟಳು. ಅಲ್ಲಿ ಕ್ಯಾತಣ್ಣನ ಹೆಸರನ್ನೂ ಹೇಳಬಹುದಿತ್ತು. ಮೊದಮೊದಲು ಪಿಸುಮಾತಿನಲ್ಲಿ, ಆಮೇಲೆ ಬಾಯಿ ತುಂಬ. ಟಗರು ಅವನನ್ನು ತಿಪ್ಪೆಗೆ ಕೆಡವಿದ ಕಥೆಯನ್ನು ನಾನು ಹೇಳಿದ ದಿನ ದೊಡ್ಡವ್ವ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ನಾನೂ ಅತ್ತೆ. ಅವನು ಹೋದಾಗಿನಿಂದ ನನಗೆ ಅಳು ಬಂದಿರಲಿಲ್ಲ. ಕುರಿಗಳು ಕುಡಿಸುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದವು.

ಒಂದು ಸಂಜೆ ಯಜಮಾನರ ಮೊಮ್ಮಗಳು ಬರಲಿಲ್ಲ. ಗೂಡಿನಲ್ಲಿ ಅವಳ ಮರಿಯೊಂದೇ ಉಳಿದು ಕೂಗುತ್ತಿತ್ತು. ಹಿಂದಿನ ದಿನಗಳಲ್ಲಿ ಅವಳು ಕಡಲೆ ಮುಟ್ಟದಿದ್ದುದನ್ನು ದೊಡ್ಡವ್ವ ಗಮನಿಸಿದ್ದಳೇನೋ, ಇನ್ನು ಕಾಯಲಿಲ್ಲ. ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡು, "ಬಾರೋ, ಹೋಗಾಣ," ಎಂದು ನನ್ನನ್ನು ಕರೆದಳು.

ಯಜಮಾನರು ಜಗಲಿಯ ಮೇಲೆ ಕುಳಿತಿದ್ದರು. "ನಿಮ್ ಮೊಮ್ಮಗಳೆಲ್ಲಿ ಮಾವಯ್ಯ?"

"ಒಳಗೈತೆ. ತಲೆನೋವಂತೆ, ಮಲಗೈತೆ."

ದೊಡ್ಡವ್ವ ಒಳಗೆ ಹೋಗಿ ನೋಡಿ ಬಂದಳು. ಹಾಸಿಗೆ ಬರಿದಾಗಿತ್ತು. ಯಜಮಾನರ ಮುಖ ಬಿಳಿಚಿಕೊಂಡದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದೆ. ಕೋಲು ಊರಿಕೊಂಡು ನಮ್ಮ ಹಿಂದೆಯೇ ಬಂದರು. ಅವಳು ಮುಳ್ಳುಬೇಲಿಯ ಆಚೆ ಬಣವೆಯ ಹಿಂದೆ ಮೊಣಕಾಲಿಗೆ ಮುಖ ಕೊಟ್ಟು ಕುಳಿತಿದ್ದಳು. ದೊಡ್ಡವ್ವ ಬಯ್ಯಲಿಲ್ಲ. ಪಕ್ಕದಲ್ಲಿ ಕುಳಿತು, ಮರಿಯನ್ನು ಅವಳ ಮಡಿಲಿಗೆ ಹಾಕಿ, ಉಪ್ಪು ಹೆಚ್ಚಾಯಿತೇ ಎಂದು ಕೇಳುವ ದನಿಯಲ್ಲಿ ಕೇಳಿದಳು.

"ಸಾಯ್ಬೇಕು ಅನ್ಸೈತಾ ಮಗಳೇ?"

ಆ ಮಾತನ್ನು ಹಟ್ಟಿಯಲ್ಲಿ ಯಾರೂ ಯಾರನ್ನೂ ಹಾಗೆ ಎದುರಿಗೆ ಕೇಳಿದ್ದಿಲ್ಲ. ಕೇಳಿದರೆ ಆಗಿಯೇ ಬಿಡುತ್ತದೆ ಎಂದು ನಂಬಿದ್ದೆವು. ಹುಡುಗಿ ಮರಿಯ ಬೆನ್ನಿಗೆ ಮುಖ ಒತ್ತಿ ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು ಬಂತು. "ಎಲ್ಲಾರೂ ನನ್ನೇ ನೋಡ್ತಾರೆ ಕಣವ್ವ. ನನ್ನಿಂದ್ಲೇ ಅಂತಾರೆ."

"ನಾನು ಅಂದ್ನಾ? ಹೆತ್ತೋಳು ನಾನು. ನಾನೇ ಅನ್ನದಿದ್ದುದ್ನ ಅನ್ನಾಕೆ ಅವ್ರ್ಯಾರು?" ದೊಡ್ಡವ್ವ ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು. "ಕ್ಯಾತಣ್ಣಂಗೆ ಏನೋ ನೋವಿತ್ತು, ಹೇಳ್ಳಿಲ್ಲ. ನೀನು ಹೇಳಿದೀಯಲ್ಲ, ಸಾಕು. ಇನ್ಮ್ಯಾಲೆ ನೀನೊಬ್ಳೇ ಇರಂಗಿಲ್ಲ, ನಾನು ಬಿಡಕಿಲ್ಲ. ಏಳು, ಮರಿ ಹಸ್ದೈತೆ."

ಯಜಮಾನರ ಎದುರಿಗೇ ಅವಳು ಆ ಹೆಸರು ಹೇಳಿದ್ದಳು. ಅವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬಣವೆಗೆ ಒರಗಿ, ಸಣ್ಣ ಹುಡುಗನ ಹಾಗೆ ಅಳುತ್ತಿದ್ದರು.

ಆ ಹುಡುಗಿ ಅಂದಿನಿಂದ ಎಷ್ಟೋ ತಿಂಗಳು ದೊಡ್ಡವ್ವನ ಮಗ್ಗುಲಲ್ಲೇ ಮಲಗಿದಳು. ಹಗಲು ನಮ್ಮಲ್ಲಿ ಯಾರಾದರೊಬ್ಬರು ಅವಳ ಜೊತೆಗಿರುತ್ತಿದ್ದೆವು. ದೊಡ್ಡವ್ವ ಅವಳನ್ನು ಬಸ್ಸಿನಲ್ಲಿ ಹೊಸದುರ್ಗದ ಆಸ್ಪತ್ರೆಗೂ ಕರೆದುಕೊಂಡು ಹೋಗಿ, ಅಲ್ಲಿಯ ಡಾಕ್ಟರಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿ, ಮತ್ತೆ ಮತ್ತೆ ತೋರಿಸಿಕೊಂಡು ಬಂದಳು. ಮರಿಗೆ ಕೊಂಬು ಮೂಡುವ ಹೊತ್ತಿಗೆ ಹುಡುಗಿ ಮತ್ತೆ ಜಗಳವಾಡತೊಡಗಿದಳು. ನಮಗೆಲ್ಲ ಸಮಾಧಾನವಾಯಿತು.

ಬೇಸಿಗೆ ಕಳೆದ ಮೇಲೆ ಯಜಮಾನರು ಕುರಿ ನೋಡಲು ಮತ್ತೊಮ್ಮೆ ಬಂದರು. ಮರಿಗಳು ಮೇವಿಗೆ ಬಿದ್ದಿದ್ದವು, ಹಾಲೂಡುವ ನೆಪ ಇರಲಿಲ್ಲ. ಬಗ್ಗಿ ಹೊಟ್ಟೆ ಮುಟ್ಟಿದರು. ಗಬ್ಬ.

"ಅಲ್ಲವ್ವ, ನಿನ್ ಕುರಿ ಯಾವಾಗ್ಲೂ ಗಬ್ಬನೇ ಏನು?"

"ನಾನೇನ್ ಮಾಡ್ಲಿ ಮಾವಯ್ಯ? ಟಗರಿಗೆ ನೀವೇ ಕರ್ದು ಒಂದೀಟು ಬುದ್ಧಿ ಹೇಳ್ರಿ."

ಯಜಮಾನರ ಮೀಸೆ ಅಲುಗಿತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಕೋಲು ಬಿಟ್ಟು ನಕ್ಕರು. ಕುರಿಯ ವಿಷಯಕ್ಕೆ ಮತ್ತೆ ಆ ಕಡೆ ಬರಲಿಲ್ಲ. ಸೋತೆ ಎಂದು ಹೇಳಲು ಬಾರದವರು ಹೀಗೇ ಹೇಳುತ್ತಾರೆ.

ಅದರ ಮುಂದಿನ ಹಿರಿಯರ ಹಬ್ಬದಲ್ಲಿ ದೊಡ್ಡವ್ವ ಮತ್ತೆ ಮೂರು ಎಲೆ ಹಾಸಿ ಕುಳಿತಳು. ನಾವು, ಮರಿ ಪಡೆದವರು, ನಮ್ಮ ನಮ್ಮ ಮನೆಯ ಸಾಲು ಬಿಟ್ಟು ಅವಳ ಹಿಂದೆ ನಿಂತಿದ್ದೆವು. ಯಜಮಾನರು ಅತ್ತೆಯನ್ನು ಕರೆದರು, ಮಾವನನ್ನು ಕರೆದರು. ಮೂರನೆಯ ಎಲೆಯ ಮುಂದೆ ನಿಂತರು. ಮುಂದಿನ ಮನೆ ಎನ್ನಲಿಲ್ಲ. ಬಾಯಿ ತೆರೆದರು, ಆದರೆ ಒಂದು ಆಯುಷ್ಯದ ಹೆದರಿಕೆ ಆ ಹೆಸರನ್ನು ಹೊರಗೆ ಬಿಡಲಿಲ್ಲ. ಇಡೀ ಸಾಲು ಅವರನ್ನೇ ನೋಡುತ್ತಿತ್ತು.

ಆಗ ಹಿಂದಿನಿಂದ ಮೊಮ್ಮಗಳು ಕರೆದಳು. ಹೆಣ್ಣುಮಕ್ಕಳು ಕರೆಯುವ ಪದ್ಧತಿಯೇ ಇರಲಿಲ್ಲ. "ಕ್ಯಾತಣ್ಣಾ, ಬಾ, ಉಣ್ಣು ಬಾ." ಅವಳ ದನಿ ಕೇಳಿದ್ದೇ ತಡ ನಾನು ಕರೆದೆ. ನನ್ನ ಪಕ್ಕದವನು ಕರೆದ. ಆಮೇಲೆ ಎಲ್ಲರೂ, ಒಬ್ಬರ ಮೇಲೊಬ್ಬರು, ಗುಡ್ಡಕ್ಕೆ ಕೇಳುವ ಹಾಗೆ...

"ಸಾಕು ಸುಮ್ಕಿರ್ರೋ!" ದೊಡ್ಡವ್ವ ತಿರುಗಿ ಕೂಗಿದಳು. ಕಣ್ಣು ಮೂಗು ಎಲ್ಲ ಒಂದಾಗಿ ಹರಿಯುತ್ತಿತ್ತು. "ಒಬ್ರು ಕರೆದ್ರೆ ಸಾಕಾಗಿತ್ತು. ಅವ್ನೇನು ಕಿವುಡನಾ?"

ಕಣ್ಣೊರೆಸಿಕೊಳ್ಳುತ್ತಲೇ ಕಾಯಿಹಾಲು ಬಡಿಸಹೋಗಿ ಅರ್ಧ ನೆಲಕ್ಕೆ ಚೆಲ್ಲಿದಳು.

ಇಷ್ಟಕ್ಕೇ ಅವಳ ದುಃಖ ತೀರಿತು ಎಂದರೆ ಸುಳ್ಳಾಗುತ್ತದೆ. ಶ್ರಾವಣ ಬಂದರೆ ಅವಳ ಮನೆಯ ಗೋಡೆ ಮತ್ತೆ ಮಾತು ನಿಲ್ಲಿಸುತ್ತಿತ್ತು. ದಾರಿಯಲ್ಲಿ ಯಾರಾದರೂ ಕ್ಯಾತಣ್ಣನ ಹಾಗೆ ಸಿಳ್ಳೆ ಹಾಕಿದರೆ ತಟ್ಟನೆ ಬೇಲಿಯ ಬಾಗಿಲ ಕಡೆ ನೋಡುತ್ತಿದ್ದಳು. ಹೋದ ಮಗನ ಮೇಲೆ ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು, ಬೈದುಬಿಡುತ್ತಿದ್ದಳು. ಬೇರೆ ಹಟ್ಟಿಗಳಲ್ಲಿ ಇಂಥದ್ದು ನಡೆಯದೆ ಇರಲೂ ಇಲ್ಲ. ಕೆಲವು ವರ್ಷದ ನಂತರ ತಾಳ್ಯದ ಕಡೆ ಒಬ್ಬ ತಾಯಿ ಮಗಳನ್ನು ಹಾಗೆಯೇ ಕಳೆದುಕೊಂಡಳೆಂದು ಸುದ್ದಿ ಬಂತು. ಗುರುತಿಲ್ಲ ಪರಿಚಯವಿಲ್ಲ, ದೊಡ್ಡವ್ವ ಒಂದು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಮರಿಗೂ ಟಿಕೆಟ್ ಆಗುತ್ತದೆ ಎಂದನಂತೆ. "ತೊಡೆ ಮ್ಯಾಲಿನ ಮಗೀಗೆ ಟಿಕೇಟು ಕೇಳ್ತೀಯೇನಪ್ಪ, ನಿಮ್ಮವ್ವ ನಿಂಗೆ ತಗಂಡಿದ್ಲಾ?" ಎಂದು ಬಸ್ಸನ್ನೆಲ್ಲ ನಗಿಸಿದಳಂತೆ. ಹೋದವಳು ಒಂದು ತಿಂಗಳು ಬರಲಿಲ್ಲ. ಅಲ್ಲಿ ಏನು ಮಾಡಿದೆ ಎಂದು ಕೇಳಿದರೆ, "ಏನೂ ಮಾತಾಡ್ಲಿಲ್ಲ, ಕುಂತಿದ್ದೆ," ಎಂದಳು.

ಅವಳು ಹೋಗಿ ಈಗ ಹತ್ತು ವರ್ಷದ ಮೇಲಾಯಿತು. ನಮ್ಮ ಹಟ್ಟಿಯಲ್ಲಿ ತಾರಸಿ ಮನೆಗಳಾಗಿವೆ. ಹಿಂಡು ಸಾಕುವವರು ಬೆರಳೆಣಿಕೆ. ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಸಂಜೆಯಾದರೆ ತಂತಮ್ಮ ಫೋನು ಹಿಡಿದು ತಂತಮ್ಮ ಮೂಲೆ ಸೇರುತ್ತಾರೆ. ಅವರನ್ನು ಒಂದು ಕಡೆ ಕೂರಿಸಿ, ಮಡಿಲಿನಿಂದ ಕಡಲೆ ತೆಗೆದು, ಏನಿಲ್ಲ ಎಂದರೆ ಕೊಡುವುದಿಲ್ಲ ಎಂದು ಗದರಿಸಿ ಕೇಳುವವರು ಇಲ್ಲ. ನಾನು ಮೊಮ್ಮಕ್ಕಳನ್ನು ಕೇಳಿ ನೋಡುತ್ತೇನೆ. ಅವಳ ಹಾಗೆ ಕೇಳಲು ನನಗೆ ಬರುವುದಿಲ್ಲ...

ಅವಳು ತೀರಿಕೊಂಡ ವರ್ಷ ಹಿರಿಯರ ಹಬ್ಬಕ್ಕೆ ನಾನು ಹಟ್ಟಿಗೆ ಹೋಗಿದ್ದೆ. ಹಳೆಯ ಯಜಮಾನರು ತೀರಿ ಎಷ್ಟೋ ಕಾಲವಾಗಿತ್ತು, ಹೆಸರು ಕರೆಯುವವನು ನನ್ನ ತಮ್ಮ. ದೊಡ್ಡವ್ವನ ಎಲೆಗಳನ್ನು ಯಜಮಾನರ ಆ ಮೊಮ್ಮಗಳು ಹಾಸಿದ್ದಳು. ಹಿರಿಯೂರಿಗೆ ಮದುವೆಯಾಗಿ ಹೋದವಳು, ತಾನೂ ಅಜ್ಜಿಯಾಗಿ, ಇದಕ್ಕೆಂದೇ ಬಂದಿದ್ದಳು. ನನ್ನ ತಮ್ಮ ಮೊದಲು ದೊಡ್ಡಪ್ಪನನ್ನು ಕರೆದ. ದೊಡ್ಡವ್ವನ ಎಲೆಯ ಮುಂದೆ ಬಂದು ತಡವರಿಸಿದ. ಅವಳಿಗೊಂದು ಹೆಸರಿತ್ತು, ಪಡಿತರ ಚೀಟಿಯಲ್ಲಿ ಬರೆದಿತ್ತು, ತಮ್ಮನಿಗೂ ಗೊತ್ತಿತ್ತು. ಆದರೆ ಆ ಹೆಸರಿನಿಂದ ಅವಳನ್ನು ಯಾರೂ ಕರೆದದ್ದಿಲ್ಲ. ಕರೆದರೆ ತನ್ನನ್ನೇ ಎಂದು ಅವಳಿಗೆ ತಿಳಿಯುವುದಾದರೂ ಹೇಗೆ? ತಮ್ಮ ನನ್ನ ಮುಖ ನೋಡಿದ. ಹೂಂ ಎಂದೆ.

"ಕ್ಯಾತಣ್ಣನವ್ವಾ," ಎಂದು ತಮ್ಮ ಗಟ್ಟಿಯಾಗಿ ಕರೆದ, "ಬಾರವ್ವ, ಉಣ್ಣು ಬಾ."